ಹತ್ತು ಗೋಲು ತಿಂದ ಮೇಷ್ಟ್ರು

ಪುಣೆಯ ನಮ್ಮ ಮಾರ್ಕೆಟ್ ಯಾರ್ಡ್‌ನಲ್ಲಿ ಕೋಚ್ ಅಂದರೆ ಎಲ್ಲರಿಗೂ ಕ್ರಿಕೆಟ್ಟೇ ನೆನಪು. ನನಗೆ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಶಾಲಾ ಮೇಷ್ಟ್ರಾಗಿದ್ದ ಅವರು 1950ರಲ್ಲಿ ಭಾರತದ ಫುಟ್‌ಬಾಲ್ ತಂಡ ವಹಿಸಿಕೊಂಡರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10-1ರ ಸೋಲು. ಆ ಒಂದು ಗೋಲು ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಹೊಡೆದದ್ದು! ಆಮೇಲೆ ಬರಿಗಾಲ ಆಟ ನಿಂತು ಬೂಟು ಬಂತು.

ಹತ್ತು ಗೋಲು ತಿಂದ ಮೇಷ್ಟ್ರಿಗೇ 1956ರ ಮೆಲ್ಬರ್ನ್ ತಂಡವನ್ನೂ ಒಪ್ಪಿಸಿದರು. ಅಲ್ಲಿ ಆಸ್ಟ್ರೇಲಿಯಾವನ್ನೇ 4-2ರಿಂದ ಸೋಲಿಸಿ ನಾಲ್ಕನೇ ಸ್ಥಾನ. 1962ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್ ಚಿನ್ನ. ಮರುವರ್ಷ ಕ್ಯಾನ್ಸರ್ ಅವರನ್ನು ಒಯ್ದಿತು. ಆ ಚಿನ್ನ ಮತ್ತೆ ಬಂದಿಲ್ಲ. ಒಂದು ಸೋಲಿಗೇ ಕೋಚ್ ಬದಲಿಸಿ ಅನ್ನುವವರು ಇದನ್ನು ನೆನೆಯಬೇಕು, ಅಲ್ವೇ?