ಗದಗಿನಿಂದ ಹೊರಟ ಸವ್ಯಸಾಚಿ



ಹಡಗಲಿ ತಾಲ್ಲೂಕಿನ ಮಾಗಳಕ್ಕೆ ನೀವು ಹೋಗಿದ್ದರೆ ಅಲ್ಲಿಯ ಸೂರ್ಯನಾರಾಯಣ ದೇವಾಲಯವನ್ನು ನೋಡಿರುತ್ತೀರಿ. ತುಂಗಭದ್ರೆಯ ದಡದ ಈ ಊರಿಗೆ ಇತಿಹಾಸಾಸಕ್ತರು ಬರುವುದು ಚಾಲುಕ್ಯ ಶೈಲಿಯ ಆ ಕಟ್ಟಡವನ್ನು ನೋಡುವುದಕ್ಕೆ. ನಮ್ಮ ಭಾಗದ ಹಳೆಯ ಗುಡಿಗಳ ಶಾಸನಗಳಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ತಿಥಿ ಇರುತ್ತದೆ. ದಾನ ಕೊಟ್ಟವರ ಹೆಸರಿರುತ್ತದೆ. ಭೂಮಿಯ ಅಳತೆ ಇರುತ್ತದೆ. ಆ ಭೂಮಿಯನ್ನು ವರ್ಷಗಟ್ಟಲೆ ಉತ್ತವರ ದುಡಿಮೆ ಮಾತ್ರ ಕಲ್ಲಿನ ಮೇಲೆ ಕಾಣುವುದಿಲ್ಲ. ಅದನ್ನು ಓದುವವನೇ ಯೋಚಿಸಿ ತಿಳಿಯಬೇಕು.

ಕ್ರಿಕೆಟ್ಟಿನ ಸ್ಕೋರು ಪುಸ್ತಕವೂ ಒಂದು ಬಗೆಯ ಶಾಸನವೇ. ಅದರಲ್ಲಿ ತಾರೀಖು, ಹೆಸರು, ಓಟ, ವಿಕೆಟ್ಟು ಎಲ್ಲವೂ ಇವೆ. ಅದನ್ನು ಓದುವುದು ಹೇಗೆ? ಒಬ್ಬ ಆಟಗಾರನ ದೀರ್ಘ ಕ್ರೀಡಾಜೀವನವನ್ನು ಯಾವುದರಿಂದ ಅಳೆಯಬೇಕು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಮಾಗಳದಿಂದ ಹೆಚ್ಚು ದೂರವಿಲ್ಲದ ಗದಗಿನ ಆಟಗಾರರೊಬ್ಬರ ಜೀವನವನ್ನು ನೋಡೋಣ. ಹಡಗಲಿಯ ಕಡೆಯಿಂದ ಹೊಳೆ ದಾಟಿ ಮುಂಡರಗಿಯ ಮೇಲೆ ಹೋದರೆ ಸಿಗುವ ಊರು ಅದು. ಅವರ ಹೆಸರು ಸುನೀಲ್ ಬಂಡಾಚಾರ್ಯ ಜೋಶಿ.

ಎರಡು ದಡ, ಎರಡು ಪ್ರಾಂತ

ಮೊದಲು ಹಿನ್ನೆಲೆಯನ್ನು ತಿಳಿಯೋಣ. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದದ್ದು 1934ರ ನವೆಂಬರ್ 4ರಂದು, ಮದ್ರಾಸಿನ ಚೆಪಾಕ್ ಮೈದಾನದಲ್ಲಿ. ಆಡಿದ ತಂಡಗಳು ಮದ್ರಾಸ್ ಮತ್ತು ಮೈಸೂರು. ಎ.ಜಿ. ರಾಮ್‌ಸಿಂಗ್ ಅವರ ಎಡಗೈ ಸ್ಪಿನ್ನಿಗೆ 11 ವಿಕೆಟ್ಟುಗಳು ಉರುಳಿ, ಮೈಸೂರು ಒಂದೇ ದಿನದಲ್ಲಿ ಸೋತಿತು.

ಆ ದಿನ ಮಾಗಳದ ಹುಡುಗನೊಬ್ಬ ಯಾವ ತಂಡವನ್ನು ತನ್ನದೆಂದು ಭಾವಿಸಬೇಕಿತ್ತು? ಹಡಗಲಿ ಆಗ ಬಳ್ಳಾರಿ ಜಿಲ್ಲೆಗೆ, ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಹೊಳೆಯಾಚೆಯ ಗದಗ ಧಾರವಾಡ ಜಿಲ್ಲೆಯಲ್ಲಿದ್ದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಒಂದೇ ಹೊಳೆಯ ನೀರು ಕುಡಿದು ಒಂದೇ ಭಾಷೆಯನ್ನಾಡುವ ಎರಡು ದಡದ ಹುಡುಗರಿಗೆ ರಾಜಧಾನಿಗಳೇ ಬೇರೆ. 1953ರಲ್ಲಿ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿತು. 1956ರ ಏಕೀಕರಣದಲ್ಲಿ ಧಾರವಾಡ ಜಿಲ್ಲೆಯೂ ಬಂದಿತು. 1973-74ರಲ್ಲಿ ಕರ್ನಾಟಕ ತಂಡ ಪ್ರಸನ್ನ ಅವರ ನಾಯಕತ್ವದಲ್ಲಿ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಾಗ, ಎರಡೂ ದಡದವರು ಅದನ್ನು ನಮ್ಮ ಗೆಲುವೆಂದು ಹೇಳಿಕೊಳ್ಳಬಹುದಾಗಿತ್ತು.

ಆದರೆ ನಕ್ಷೆ ಒಂದಾದ ಮಾತ್ರಕ್ಕೆ ಮೈದಾನಗಳು ಹತ್ತಿರ ಬರುವುದಿಲ್ಲ. ಆಟದ ಕೇಂದ್ರ ಬೆಂಗಳೂರಿನಲ್ಲಿಯೇ ಉಳಿಯಿತು. 1970ರ ಜೂನ್ 6ರಂದು ಗದಗಿನಲ್ಲಿ ಹುಟ್ಟಿದ ಸುನೀಲ್ ಜೋಶಿ ಹುಡುಗನಾಗಿದ್ದಾಗ ಬೆಳಗಿನ ಜಾವ ಎದ್ದು ಹುಬ್ಬಳ್ಳಿಗೆ ಹೋಗುತ್ತಿದ್ದರು. ಅಲ್ಲಿ ಅಭ್ಯಾಸ ಮುಗಿಸಿ ಶಾಲೆಯ ಹೊತ್ತಿಗೆ ಮತ್ತೆ ಗದಗಕ್ಕೆ ಮರಳುತ್ತಿದ್ದರು. ಹೋಗುವ ದಾರಿಯೇ ಸುಮಾರು 60 ಕಿಲೋಮೀಟರು. ಇದು ಯಾವ ಸ್ಕೋರು ಪುಸ್ತಕದಲ್ಲೂ ಇಲ್ಲ. ಆದರೆ ಮುಂದೆ ಅದರಲ್ಲಿ ಬರೆದದ್ದೆಲ್ಲ ಇಲ್ಲಿಂದ ಆರಂಭವಾಯಿತು.

ಸವ್ಯಸಾಚಿ ಎಂದರೆ ಯಾರು?

ಎರಡೂ ಕೈಗಳಿಂದ ಬಾಣ ಬಿಡಬಲ್ಲವನೆಂದು ಅರ್ಜುನನಿಗೆ ಸವ್ಯಸಾಚಿ ಎಂಬ ಹೆಸರು. ಚೆಂಡನ್ನೂ ದಾಂಡನ್ನೂ ಸಮನಾಗಿ ಬಳಸಬಲ್ಲ ಆಲ್‌ರೌಂಡರನಿಗೆ ನಮ್ಮ ಪತ್ರಿಕೆಗಳು ಈ ಹೆಸರನ್ನು ಕೊಟ್ಟಿವೆ. ಹೆಸರು ದೊಡ್ಡದು; ದಿನದ ಕೆಲಸ ಇನ್ನೂ ದೊಡ್ಡದು. ಬೆಳಿಗ್ಗೆಯಿಂದ ಮೂವತ್ತು ಓವರು ಬೌಲ್ ಮಾಡಿದವನು ಮರುದಿನ ತಂಡ ಸಂಕಟದಲ್ಲಿದ್ದರೆ ದಾಂಡು ಹಿಡಿದು ನಿಲ್ಲಬೇಕು. ಒಂದರಲ್ಲಿ ಸೋತರೆ ಇನ್ನೊಂದರಲ್ಲಿ ಋಣ ತೀರಿಸಬೇಕು.

ಈ ಬಗೆಯ ಆಟಗಾರನನ್ನು ಬೆಳೆಸಿದ್ದು ಮುಖ್ಯವಾಗಿ ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ಟು. ಕೌಂಟಿ ಎಂದರೆ ನಮ್ಮಲ್ಲಿಯ ಜಿಲ್ಲೆಯಂಥ ಪ್ರದೇಶ. ಅಲ್ಲಿ ಆಟವೇ ಜೀವನೋಪಾಯವಾಗಿದ್ದ ಆಟಗಾರರು ಬೇಸಿಗೆಯುದ್ದಕ್ಕೂ, ವಾರದಲ್ಲಿ ಆರು ದಿನ, ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಿ ಆಡುತ್ತಿದ್ದರು. ಅವರಲ್ಲಿ ವಿಲ್‌ಫ್ರೆಡ್ ರೋಡ್ಸ್ ಎಂಬುವರ ಹೆಸರನ್ನು ನೀವು ತಿಳಿದಿರಬೇಕು. ಯಾರ್ಕ್‌ಶೈರಿನ ಕರ್ಕ್‌ಹೀಟನ್ ಎಂಬ ಹಳ್ಳಿಯಲ್ಲಿ 1877ರಲ್ಲಿ ಹುಟ್ಟಿದ ಇವರು ಎಡಗೈ ಸ್ಪಿನ್ನರ್. 1902ರಲ್ಲಿ ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ ಮೈದಾನದಲ್ಲಿ 17 ಓಟ ಕೊಟ್ಟು 7 ವಿಕೆಟ್ ಪಡೆದರು. ಆಸ್ಟ್ರೇಲಿಯ 36ಕ್ಕೆ ಉರುಳಿತು. ಕೊನೆಯ ಸಾಲಿನ ದಾಂಡಿಗನಾಗಿ ಟೆಸ್ಟಿಗೆ ಬಂದವರು ಕ್ರಮೇಣ ಮೇಲೇರಿ, 1911-12ರ ಆಸ್ಟ್ರೇಲಿಯ ಪ್ರವಾಸದಲ್ಲಿ ಜ್ಯಾಕ್ ಹಾಬ್ಸ್ ಜೊತೆ ಆರಂಭದ ವಿಕೆಟ್ಟಿಗೆ 323 ಓಟ ಸೇರಿಸಿದರು.

ರೋಡ್ಸ್ ಆಡಿದ್ದು 1898ರಿಂದ 1930ರವರೆಗೆ. ಒಟ್ಟು ಪ್ರಥಮ ದರ್ಜೆ ಪಂದ್ಯಗಳು 1,110. ಪಡೆದ ವಿಕೆಟ್ಟುಗಳು 4,000ಕ್ಕೂ ಹೆಚ್ಚು. ಓಟಗಳು 40,000ಕ್ಕೆ ಸಮೀಪ. ಒಂದೇ ಬೇಸಿಗೆಯಲ್ಲಿ ಸಾವಿರ ಓಟ ಮತ್ತು ನೂರು ವಿಕೆಟ್ ಗಳಿಸುವುದಕ್ಕೆ ಇಂಗ್ಲೆಂಡಿನಲ್ಲಿ 'ಡಬಲ್' ಎನ್ನುತ್ತಾರೆ. ಅದನ್ನು ಅವರು 16 ಬಾರಿ ಸಾಧಿಸಿದರು. ಇಲ್ಲಿ ಒಂದು ಅಂಕಿಯನ್ನು ಗುರುತು ಹಾಕಿಕೊಳ್ಳಿ: ಆ 1,110 ಪಂದ್ಯಗಳಲ್ಲಿ ಟೆಸ್ಟ್ ಪಂದ್ಯಗಳು 58 ಮಾತ್ರ. ಅಂದರೆ ನೂರಕ್ಕೆ ಐದು. ಮಿಕ್ಕ ತೊಂಬತ್ತೈದು ಪಾಲು ಜೀವನ ಕಳೆದದ್ದು ಬಹುಪಾಲು ತಮ್ಮ ಕೌಂಟಿಯ ಮೈದಾನಗಳಲ್ಲಿ. ಈ ಅಂಕಿಗೆ ನಾವು ಮತ್ತೆ ಬರೋಣ.

ಎಡಗೈ ಸ್ಪಿನ್ನಿನ ಮರ್ಮ

ಜೋಶಿಯವರೂ ರೋಡ್ಸ್‌ರಂತೆ ಎಡಗೈ ಸ್ಪಿನ್ನರ್. ಈ ಚೆಂಡು ನೆಲಕ್ಕೆ ಬಿದ್ದ ಮೇಲೆ ಬಲಗೈ ದಾಂಡಿಗನಿಂದ ದೂರಕ್ಕೆ, ಸ್ಲಿಪ್ ಕಡೆಗೆ ತಿರುಗುತ್ತದೆ. ಮುಂದೆ ಬಂದು ಹೊಡೆಯಹೋದವನು ತಪ್ಪಿದರೆ ವಿಕೆಟ್ ಕೀಪರನ ಕೈಗೆ ಸಿಗುತ್ತಾನೆ. ಹಿಂದೆ ನಿಂತವನಿಗೆ ತಿರುಗದೆ ನೇರ ಬರುವ ಚೆಂಡಿನ ಭಯ. ಪಿಚ್ ಒಡೆದಾಗ ಇದು ಎಷ್ಟು ಕಷ್ಟವೆಂಬುದಕ್ಕೆ ಕರ್ನಾಟಕದ್ದೇ ಒಂದು ಸಾಕ್ಷಿಯಿದೆ. 1981-82ರ ರಣಜಿ ಸೆಮಿಫೈನಲ್ ಬೆಂಗಳೂರಿನಲ್ಲಿ ನಡೆದಾಗ, ಎ. ರಘುರಾಮ ಭಟ್ಟರ ಎಡಗೈ ಸ್ಪಿನ್ನನ್ನು ಎದುರಿಸಲು ಮುಂಬಯಿಯ ಸುನಿಲ್ ಗಾವಸ್ಕರರು ಎಡಗೈ ದಾಂಡಿಗನಂತೆ ತಿರುಗಿ ನಿಂತು ಆಡಿದರು! ಚೆಂಡು ತಮ್ಮಿಂದ ದೂರ ಹೋಗುವ ಬದಲು ತಮ್ಮ ಕಡೆಗೇ ತಿರುಗಲಿ ಎಂಬುದು ಅವರ ಲೆಕ್ಕ.

ಇಂಥ ಪರಂಪರೆಯ ಕರ್ನಾಟಕ ತಂಡವನ್ನು ಜೋಶಿಯವರು 1992-93ರಲ್ಲಿ ಸೇರಿದರು. 1995-96ರ ರಣಜಿ ಋತುವಿನಲ್ಲಿ ಅವರು 529 ಓಟ ಮತ್ತು 52 ವಿಕೆಟ್ ಗಳಿಸಿದರು. ಇಂಗ್ಲೆಂಡಿನ ಹಳೆಯ ಆಟಗಾರನಿಗೆ ಒಂದು ಬೇಸಿಗೆಯಲ್ಲಿ ಮೂವತ್ತರ ಸಮೀಪ ಪಂದ್ಯಗಳು ಸಿಗುತ್ತಿದ್ದವು. ರಣಜಿಯಲ್ಲಿ ಸಿಗುವುದು ಅದರ ಮೂರನೆಯ ಒಂದು ಪಾಲು. ಹಾಗೆ ನೋಡಿದರೆ ಐನೂರು ಓಟ, ಐವತ್ತು ವಿಕೆಟ್ಟೆಂಬುದು ನಮ್ಮ ನೆಲದ 'ಡಬಲ್' ಎನ್ನಬಹುದು. ಆ ವರ್ಷ ಕರ್ನಾಟಕ ರಣಜಿ ಟ್ರೋಫಿ ಗೆದ್ದಿತು. 1997-98 ಮತ್ತು 1998-99ರಲ್ಲಿ ಮತ್ತೆ ಗೆದ್ದಿತು.

ಮೂರು ದಿನಗಳು

ಜನ ನೆನಪಿಟ್ಟಿರುವ ಜೋಶಿಯವರ ದಿನಗಳು ಕೆಲವೇ. ಅವುಗಳಲ್ಲಿ ಮೂರನ್ನು ನೋಡೋಣ.

ಮೊದಲನೆಯದು 1996ರ ಜೂನ್ 6. ಅಂದು ಅವರಿಗೆ 26 ತುಂಬಿದ ದಿನ. ಇಂಗ್ಲೆಂಡಿನ ವಿರುದ್ಧ ಅವರ ಮೊದಲ ಟೆಸ್ಟ್ ಆರಂಭವಾದದ್ದು ಎಜ್‌ಬಾಸ್ಟನ್‌ನಲ್ಲಿ. ಹಿಂದೆ ರೋಡ್ಸ್ ಏಳು ವಿಕೆಟ್ ಪಡೆದ ಮೈದಾನದಲ್ಲಿಯೇ. ಭಾರತದ ಹನ್ನೊಂದು ಜನರಲ್ಲಿ ನಾಲ್ವರು ಕರ್ನಾಟಕದವರು: ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್ ಮತ್ತು ಜೋಶಿ. ಆದರೆ ಬೆರಳಿಗೆ ಪೆಟ್ಟಾಗಿ ಆ ಪಂದ್ಯದಲ್ಲಿ ಜೋಶಿಯವರಿಗೆ ಒಂದು ಎಸೆತವನ್ನೂ ಹಾಕಲಾಗಲಿಲ್ಲ.

ಎರಡನೆಯದು 1999ರ ಸೆಪ್ಟೆಂಬರ್ 26, ಕೀನ್ಯಾದ ನೈರೋಬಿ. ಎದುರಾಳಿ ದಕ್ಷಿಣ ಆಫ್ರಿಕಾ. ಹತ್ತು ಓವರು, ಆರು ಮೇಡನ್, ಆರು ಓಟ, ಐದು ವಿಕೆಟ್! ಅರವತ್ತು ಎಸೆತಗಳಲ್ಲಿ ಆರೇ ಓಟ. ಗಿಬ್ಸ್, ಕ್ರೋನಿಯೆ, ಜಾಂಟಿ ರೋಡ್ಸ್‌ರಂಥ ದಾಂಡಿಗರಿದ್ದ ತಂಡ 117ಕ್ಕೆ ಮುಗಿಯಿತು. ಇಂದಿಗೂ ಜೋಶಿಯವರ ಹೆಸರು ಹೇಳಿದರೆ ಬಹಳ ಜನಕ್ಕೆ ನೆನಪಾಗುವುದು ಈ ಅಂಕಿಯೇ.

ಮೂರನೆಯದು 2000ದ ನವೆಂಬರ್, ಢಾಕಾ. ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್. ಸೌರವ್ ಗಂಗೂಲಿ ಭಾರತವನ್ನು ಮುನ್ನಡೆಸಿದ ಮೊದಲ ಟೆಸ್ಟ್ ಕೂಡ. ಬಾಂಗ್ಲಾದೇಶ 400 ಓಟ ಗಳಿಸಿ ಎಲ್ಲರನ್ನೂ ಬೆರಗುಗೊಳಿಸಿತು. ಜೋಶಿ 142 ಓಟ ಕೊಟ್ಟು 5 ವಿಕೆಟ್ ಪಡೆದರು. ಭಾರತ 6 ವಿಕೆಟ್ ಕಳೆದುಕೊಂಡು ಇನ್ನೂ ಬಹಳ ಹಿಂದಿದ್ದಾಗ ನಾಯಕನ ಜೊತೆಗೂಡಿ ನೂರಕ್ಕೂ ಹೆಚ್ಚು ಓಟ ಸೇರಿಸಿದರು. ತಾವು 92 ಓಟ ಗಳಿಸಿದರು. ಎರಡನೆಯ ಸರದಿಯಲ್ಲಿ ಮತ್ತೆ ಮೂರು ವಿಕೆಟ್. ಭಾರತ ಗೆದ್ದಿತು, ಪಂದ್ಯಶ್ರೇಷ್ಠ ಪ್ರಶಸ್ತಿ ಅವರಿಗೆ ಬಂದಿತು. ಚೆಂಡು ಮತ್ತು ದಾಂಡು ಎರಡರಲ್ಲೂ ಇದು ಅವರ ಅತ್ಯುತ್ತಮ ಟೆಸ್ಟ್.

ಮುಂದೇನಾಯಿತು? ಅದೇ ತಿಂಗಳ ಕೊನೆಯಲ್ಲಿ ನಾಗಪುರದಲ್ಲಿ ಜಿಂಬಾಬ್ವೆಯ ವಿರುದ್ಧ ಆಡಿದ್ದೇ ಅವರ ಕೊನೆಯ ಟೆಸ್ಟಾಯಿತು. 2001ರ ಫೆಬ್ರವರಿ-ಮಾರ್ಚ್‌ನಲ್ಲಿ ಆಸ್ಟ್ರೇಲಿಯದ ವಿರುದ್ಧ ಹರಭಜನ್ ಸಿಂಗ್ ಮೂರು ಟೆಸ್ಟುಗಳಲ್ಲಿ 32 ವಿಕೆಟ್ ಪಡೆದರು. ಗಾಯದಿಂದ ಹೊರಗಿದ್ದ ಕುಂಬ್ಳೆಯವರೂ ಆ ವರ್ಷ ಮರಳಿ ಬಂದರು. ಇಬ್ಬರು ಸ್ಪಿನ್ನರುಗಳ ಜಾಗ ತುಂಬಿಹೋಯಿತು. ಜೋಶಿಯವರ ಕೊನೆಯ ಏಕದಿನ ಪಂದ್ಯವೂ 2001ರದ್ದೇ. ಆಗ ಅವರಿಗೆ ಮೂವತ್ತು ವರ್ಷ.

ಬಾಗಿಲು ಮುಚ್ಚಿದ ಮೇಲೆ

ಮಿತ್ರರೇ, ಈ ಲೇಖನದ ಮುಖ್ಯ ಮಾತು ಇಲ್ಲಿಂದ ಆರಂಭವಾಗುತ್ತದೆ. ಬಹಳ ಜನ ಓದುಗರು ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಜೋಶಿಯವರು ಮುಚ್ಚಲಿಲ್ಲ. 2001ರ ನಂತರವೂ ಸುಮಾರು ಹತ್ತು ವರ್ಷ ಅವರು ಕರ್ನಾಟಕಕ್ಕಾಗಿ ರಣಜಿ ಆಡಿದರು. ದೂರದರ್ಶನದ ಕ್ಯಾಮೆರಾ ಇಲ್ಲದ, ಗ್ಯಾಲರಿಯಲ್ಲಿ ಬೆರಳೆಣಿಕೆಯ ಜನರಿರುವ ಪಂದ್ಯಗಳವು. ತಮಗಿಂತ ಹದಿನೈದು ವರ್ಷ ಚಿಕ್ಕವರಾದ ಹುಡುಗರೊಡನೆ ಮೈದಾನಕ್ಕಿಳಿದು ದಿನಕ್ಕೆ ಮೂವತ್ತು ಓವರು ಹಾಕುವುದು ಸುಲಭವಲ್ಲ. 2008ರ ಮೊದಲ ಐಪಿಎಲ್‌ನಲ್ಲಿ ಬೆಂಗಳೂರು ತಂಡಕ್ಕೆ ಆಡಿದಾಗ ಅವರ ವಯಸ್ಸು 37. ನಿವೃತ್ತಿ ಘೋಷಿಸಿದ್ದು 2012ರ ಜೂನ್‌ನಲ್ಲಿ.

ಈಗ ಲೆಕ್ಕ ಮಾಡೋಣ. ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಅವರು ಆಡಿದ ಪ್ರಥಮ ದರ್ಜೆ ಪಂದ್ಯಗಳು 160; ವಿಕೆಟ್ಟುಗಳು 615; ಓಟಗಳು 5,129. ಇವುಗಳಲ್ಲಿ ಟೆಸ್ಟಿನ ಪಾಲು 15 ಪಂದ್ಯ, 41 ವಿಕೆಟ್, 352 ಓಟ. ಕಳೆದು ನೋಡಿ: 574 ವಿಕೆಟ್ಟುಗಳು ಟೆಸ್ಟಿನ ಹೊರಗೆ ಬಂದವು. ನೂರಕ್ಕೆ ತೊಂಬತ್ತಮೂರು! ಇಂಗ್ಲೆಂಡಿನ ರೋಡ್ಸ್‌ರ ಲೆಕ್ಕಕ್ಕೂ ನಮ್ಮ ಜೋಶಿಯವರ ಲೆಕ್ಕಕ್ಕೂ ಅಂಕಿಯ ಗಾತ್ರದಲ್ಲಿ ಬಹಳ ಅಂತರವಿದೆ. ಆದರೆ ಪಾಲಿನ ಲೆಕ್ಕ ಒಂದೇ ತೆರನಾಗಿದೆ. ಇಬ್ಬರ ದುಡಿಮೆಯಲ್ಲೂ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ನಡೆದದ್ದು ಜನ ನೋಡದ ಮೈದಾನಗಳಲ್ಲಿ.

ನೈರೋಬಿಯ ಒಂದು ದಿನವನ್ನು ಮಾತ್ರ ನೆನಪಿಟ್ಟರೆ ನಾವು ಶಾಸನದ ಮೊದಲ ಸಾಲನ್ನು ಮಾತ್ರ ಓದಿದಂತಾಗುತ್ತದೆ. ಆ ಹತ್ತು ಓವರುಗಳ ಹಿಡಿತ ಬಂದದ್ದು ಹುಬ್ಬಳ್ಳಿಯ ಬೆಳಗಿನ ಅಭ್ಯಾಸದಿಂದ, ರಣಜಿಯ ಸಾವಿರಾರು ಎಸೆತಗಳಿಂದ. ಆ ದಿನ ಬಾರದೆ ಹೋಗಿದ್ದರೂ ಆ ಎಸೆತಗಳು ವ್ಯರ್ಥವಾಗುತ್ತಿರಲಿಲ್ಲ. ಕರ್ನಾಟಕ ಗೆದ್ದ ಪಂದ್ಯಗಳಲ್ಲಿ ಅವು ಉಳಿಯುತ್ತಿದ್ದವು.

ಕಲಿತದ್ದು ಕಲಿಸುವವನಿಗೂ ಬೇಕಾಗುತ್ತದೆ. 2014ರ ಡಿಸೆಂಬರ್‌ನಲ್ಲಿ ಜಮ್ಮು ಮತ್ತು ಕಾಶ್ಮೀರ ತಂಡ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿಯೇ ಮುಂಬಯಿ ತಂಡವನ್ನು ಸೋಲಿಸಿತು. ಮುಂಬಯಿ ಆಗ 40 ಬಾರಿ ರಣಜಿ ಗೆದ್ದ ತಂಡ. ಗೆದ್ದವರ ತರಬೇತುದಾರ ಗದಗಿನ ಜೋಶಿ. ಕೇಂದ್ರದಿಂದ ದೂರದಲ್ಲಿರುವ ಹುಡುಗರ ಕಷ್ಟ ಅವರಿಗೆ ಹೊಸದಾಗಿರಲಿಲ್ಲ. ಮುಂದೆ ಅವರು ಬಾಂಗ್ಲಾದೇಶದ ಸ್ಪಿನ್ನರುಗಳಿಗೆ ತರಬೇತಿ ನೀಡಿದರು. 2020ರ ಮಾರ್ಚ್‌ನಲ್ಲಿ ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಒಮ್ಮೆ ಆಯ್ಕೆಯ ಪಟ್ಟಿಯಿಂದ ಹೊರಗುಳಿದವರು ಆ ಪಟ್ಟಿಯನ್ನು ಬರೆಯುವ ಸ್ಥಾನಕ್ಕೆ ಬಂದರು.

ಕೊನೆಯದಾಗಿ ನಿಮಗೊಂದು ಕೆಲಸ. ಮಾಗಳ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ — ನಿಮ್ಮ ಊರು ಯಾವುದೇ ಇರಲಿ, ಅಲ್ಲಿ ಇಪ್ಪತ್ತು ಮೂವತ್ತು ವರ್ಷ ಒಂದೇ ಕೆಲಸವನ್ನು ನಿಷ್ಠೆಯಿಂದ ಮಾಡಿದವರು ಇದ್ದೇ ಇರುತ್ತಾರೆ. ಕಬಡ್ಡಿ ಆಡಿದವರಿರಬಹುದು, ಬಯಲಾಟ ಕಲಿಸಿದವರಿರಬಹುದು, ಶಾಲೆಯ ಮೇಷ್ಟ್ರಿರಬಹುದು. ಅವರ ಬಳಿ ಹೋಗಿ ಕುಳಿತು ಕೇಳಿ. ಅವರ ದೊಡ್ಡ ದಿನ ಯಾವುದೆಂದು ಒಂದೇ ಬಾರಿ ಕೇಳಿ. ಉಳಿದ ದಿನಗಳನ್ನು ಹೇಗೆ ಕಳೆದಿರೆಂದು ಹತ್ತು ಬಾರಿ ಕೇಳಿ. ಕೇಳಿದ್ದನ್ನು ತಾರೀಖು ಹಾಕಿ ಬರೆದಿಡಿ. ಕಲ್ಲಿನ ಮೇಲೆ ಕಾಣದ ದುಡಿಮೆ ಹಾಗಾದರೂ ಕಾಗದದ ಮೇಲೆ ಉಳಿಯಲಿ.