ೞಕಾರದ ತಪ್ಪು ಹೆಸರು: ಲಿಪಿಕಾರರ ಪ್ರಮಾದವೂ ಪ್ರೋಗ್ರಾಮರರ ಪರಿಹಾಸವೂ

ಹಸ್ತಪ್ರತಿಗಳನ್ನು ಪರಿಶೋಧಿಸುವವರಿಗೆ ಲಿಪಿಕಾರರ ಅಂತ್ಯಶ್ಲೋಕಗಳು ಚಿರಪರಿಚಿತವಾದುವು. ಗ್ರಂಥವು ಮುಗಿದ ಮೇಲೆ ಓಲೆಯಲ್ಲಿ ಉಳಿದ ಎಡೆಯಲ್ಲಿ ಲಿಪಿಕಾರನು ತನ್ನ ಮಾತನ್ನೂ ಒಂದೆರಡು ಸಾಲುಗಳಲ್ಲಿ ಬರೆದಿಡುವನು. ಮಾತೃಕೆಯು ಹೇಗಿದ್ದಿತೋ ಹಾಗೆಯೇ ಬರೆದುದಾಯಿತು, ಶುದ್ಧವಿರಲಿ ಅಶುದ್ಧವಿರಲಿ ದೋಷವು ತನ್ನದಲ್ಲವೆಂದು ಒಬ್ಬನು ಕೈತೊಳೆದುಕೊಳ್ಳುವನು. ಬೆನ್ನೂ ಸೊಂಟವೂ ಕತ್ತೂ ಮುರಿದುಹೋಗುವಂತೆ ಬಾಗಿ ಬರೆದುದನ್ನು ಜೋಕೆಯಿಂದ ಕಾಪಾಡಿರೆಂದು ಇನ್ನೊಬ್ಬನು ಮೊರೆಯಿಡುವನು. ಭೀಮನಿಗೂ ರಣದಲ್ಲಿ ಭಂಗವುಂಟು, ಮುನಿಗೂ ಮತಿಭ್ರಮೆಯುಂಟು, ಹೀಗಿರುವಾಗ ತನ್ನ ಪಾಡೇನೆಂಬುದು ಮತ್ತೊಬ್ಬನ ಸಮಾಧಾನ. ದೋಷಕ್ಕೆ ಕ್ಷಮೆ ಬೇಡುವ ಈ ಶ್ಲೋಕಗಳೇ ದೋಷಭೂಯಿಷ್ಠವಾಗಿರುವ ಪ್ರತಿಗಳು ವಿರಳವಲ್ಲ.

ಈ ಬಗೆಯ ಗೊಣಗಾಟವು ಓಲೆಗರಿಯೊಡನೆ ಮುಗಿದುಹೋಯಿತೆಂದು ತಿಳಿಯಬೇಕಾಗಿಲ್ಲ. ಗಣಕಯಂತ್ರಕ್ಕೆ ಆಜ್ಞಾವಳಿಯನ್ನು ಬರೆಯುವ ಪ್ರೋಗ್ರಾಮರರ ಕೆಲಸವು ಹಲವು ಅಂಶಗಳಲ್ಲಿ ಲಿಪಿಕಾರರ ಕೆಲಸವನ್ನೇ ಹೋಲುತ್ತದೆ. ಒಬ್ಬನು ಬರೆದುದನ್ನು ಅವನನ್ನು ಎಂದೂ ಕಾಣದ ಇನ್ನೊಬ್ಬನು ಮುಂದುವರಿಸಬೇಕು. ಮೊದಲಿನವನ ಅಭಿಪ್ರಾಯವನ್ನು ಬರಹದಿಂದಲೇ ಊಹಿಸಬೇಕು. ಒಂದು ಚಿಹ್ನೆಯು ತಪ್ಪಿದರೆ ಸಮಸ್ತವೂ ಕೆಡುವುದು. ಆದುದರಿಂದ ಇವರಲ್ಲಿಯೂ ಪ್ರಮಾದವನ್ನು ಕುರಿತ ಒಂದು ಪರಿಹಾಸ ಸಂಪ್ರದಾಯವು ಬೆಳೆದಿದೆ.

1947ನೆಯ ಇಸವಿ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ‘ಮಾರ್ಕ್ 2’ ಎಂಬ ಗಣಕದ ರಿಲೇ ಒಂದರಲ್ಲಿ ಸತ್ತ ಪತಂಗವೊಂದು ಸಿಕ್ಕಿತು. ಅಲ್ಲಿನವರು ಅದನ್ನು ದಿನಚರಿಯ ಪುಸ್ತಕಕ್ಕೆ ಅಂಟಿಸಿ, ‘ಬಗ್’ ನಿಜವಾಗಿಯೂ ದೊರೆತ ಮೊದಲ ಪ್ರಸಂಗವಿದೆಂದು ಬರೆದಿಟ್ಟರು. ದೋಷಕ್ಕೆ ಬಗ್, ಎಂದರೆ ಹುಳು, ಎಂಬ ಹೆಸರು ಈ ಪತಂಗದಿಂದಲೇ ಬಂದಿತೆಂದು ಹಲವರು ಹೇಳುವುದುಂಟು. ಅದು ಸರಿಯಲ್ಲ. 1878ರಷ್ಟು ಹಿಂದೆಯೇ ಎಡಿಸನ್ನನು ಯಂತ್ರಗಳ ಸಣ್ಣ ದೋಷಗಳನ್ನು ಈ ಶಬ್ದದಿಂದ ಕರೆದಿದ್ದಾನೆ. ಶಬ್ದವು ಮೊದಲೇ ರೂಢಿಯಲ್ಲಿದ್ದುದರಿಂದಲೇ ಆ ಟಿಪ್ಪಣಿಯಲ್ಲಿ ಹಾಸ್ಯವು ಹುಟ್ಟಿದುದು. ಇಲ್ಲದಿದ್ದರೆ ಅದು ಬರಿಯ ವರದಿಯಾಗುತ್ತಿದ್ದಿತು.

1969ರಲ್ಲಿ ಚಂದ್ರನ ಮೇಲೆ ಇಳಿದ ಅಪೋಲೋ 11ರ ಗಣಕದ ಆಜ್ಞಾವಳಿಯಲ್ಲಿ ಒಂದು ಸಾಲಿನ ಪಕ್ಕದಲ್ಲಿ, ಇದು ತಾತ್ಕಾಲಿಕವೆಂದು ಹೇಳಿ, ಹಾಗಿರಲೆಂಬ ಆಶೆಯನ್ನು ಮೂರು ಬಾರಿ ಬರೆದಿದೆ. ಆ ತಾತ್ಕಾಲಿಕವು ಚಂದ್ರನವರೆಗೂ ಹೋಯಿತು. 1972ರಲ್ಲಿ ಪ್ರಿನ್ಸ್‌ಟನ್ನಿನ ಇಬ್ಬರು ವಿದ್ಯಾರ್ಥಿಗಳು ‘ಇಂಟರ್‌ಕಾಲ್’ ಎಂಬ ವಿಡಂಬನ ಭಾಷೆಯನ್ನು ರಚಿಸಿದರು. ಅದರಲ್ಲಿ ಯಂತ್ರಕ್ಕೆ ಆಜ್ಞೆಯೊಡನೆ ‘ದಯವಿಟ್ಟು’ ಎಂಬರ್ಥದ ಮಾತನ್ನು ತಕ್ಕ ಪ್ರಮಾಣದಲ್ಲಿ ಸೇರಿಸಬೇಕು; ಕಡಿಮೆಯಾದರೆ ಅವಿನಯವೆಂದೂ, ಹೆಚ್ಚಾದರೆ ಮುಖಸ್ತುತಿಯೆಂದೂ ಯಂತ್ರವು ತಿರಸ್ಕರಿಸುವುದು. ಲಿಪಿಕಾರನ ನಿರಾಕರಣೆಗೆ ನೇರ ಪ್ರತಿಯಾಗಿ ನಿಂತವನು ಡೊನಾಲ್ಡ್ ಕ್ನೂತ್. 1968ರಿಂದ ಪ್ರಕಟವಾಗುತ್ತ ಬಂದ ತನ್ನ ಮಹಾಗ್ರಂಥದಲ್ಲಿ ತಪ್ಪನ್ನು ತೋರಿಸಿಕೊಟ್ಟವರಿಗೆ 2 ಡಾಲರು 56 ಸೆಂಟುಗಳನ್ನು ಕೊಡುವ ಪದ್ಧತಿಯನ್ನು ಅವನು ಇಟ್ಟುಕೊಂಡನು. 256 ಎಂಬುದು ಹದಿನಾರರ ಎಣಿಕೆಯಲ್ಲಿ ನೂರು.

ಆದರೆ ಹೆಚ್ಚು ಗಮನಾರ್ಹವಾದುವು ತಿದ್ದಲು ಬಾರದೆ ಉಳಿದುಹೋದ ತಪ್ಪುಗಳು. ಯೂನಿಕ್ಸ್ ವ್ಯವಸ್ಥೆಯಲ್ಲಿ ‘ಕ್ರಿಯೇಟ್’ ಎಂಬ ಆಜ್ಞೆಯ ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ ‘ಇ’ ಬಿಟ್ಟುಹೋಗಿದೆ. ಮತ್ತೊಮ್ಮೆ ರಚಿಸುವುದಾದರೆ ಏನನ್ನು ಬದಲಿಸುವಿರಿ ಎಂದು ಕೇಳಿದಾಗ ಅದರ ಕರ್ತೃವಾದ ಕೆನ್ ಥಾಂಪ್ಸನ್ ಆ ಅಕ್ಷರವನ್ನು ಸೇರಿಸುವೆನೆಂದು ಉತ್ತರಿಸಿದನು. ಜಾಲಪುಟಗಳ ವ್ಯವಹಾರವನ್ನು ನಿಯಮಿಸುವ 1996ರ ಲೇಖ್ಯದಲ್ಲಿ ‘ರೆಫರರ್’ ಎಂಬ ಶಬ್ದದ ದ್ವಿತ್ವದಲ್ಲಿ ಒಂದು ರೇಫವು ಲೋಪವಾಗಿದೆ. 2005ರಲ್ಲಿ ಯೂನಿಕೋಡಿಗೆ ಸೇರಿದ ಒಂದು ಆವರಣ ಚಿಹ್ನೆಯ ಹೆಸರಿನಲ್ಲಿ ‘ಬ್ರ್ಯಾಕೆಟ್’ ಎಂಬುದರ ‘ಸಿ’, ‘ಕೆ’ ಅಕ್ಷರಗಳು ಸ್ಥಾನವನ್ನು ಬದಲಿಸಿಕೊಂಡಿವೆ. ನೈರುಕ್ತರ ಮಾತಿನಲ್ಲಿ ಹೇಳುವುದಾದರೆ ಮೊದಲಿನವೆರಡು ವರ್ಣನಾಶ, ಮೂರನೆಯದು ವರ್ಣವಿಪರ್ಯಯ. ಇವನ್ನು ನಂಬಿ ಇತರರು ಬರೆದುದು ಈಗ ಅಪಾರವಾಗಿರುವುದರಿಂದ ತಿದ್ದಿದರೆ ಅದೆಲ್ಲವೂ ಕೆಡುವುದು. ಕಲ್ಲಿನ ಮೇಲೆ ಉಳಿಯ ಏಟು ಬಿದ್ದಂತೆ.

ಇಂಥ ಶಿಲಾಪ್ರಾಯವಾದ ತಪ್ಪುಗಳಲ್ಲಿ ಒಂದು ಕನ್ನಡಕ್ಕೇ ಸಂಬಂಧಿಸಿದುದು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ‘ರಳ’ವೆಂದು ಕರೆದ ೞಕಾರಕ್ಕೆ ಯೂನಿಕೋಡಿನಲ್ಲಿ ಇಟ್ಟಿರುವ ಇಂಗ್ಲಿಷ್ ಹೆಸರು ‘ಕನ್ನಡ ಅಕ್ಷರ ಫ’, ಇಂಗ್ಲಿಷಿನ ‘ಎಫ್’ ಧ್ವನಿಯ ಫಕಾರ! ೞಕಾರಕ್ಕೂ ಫಕಾರಕ್ಕೂ ಸ್ಥಾನದಲ್ಲಾಗಲಿ ಪ್ರಯತ್ನದಲ್ಲಾಗಲಿ ಯಾವ ಸಂಬಂಧವೂ ಇಲ್ಲ. ಈ ಪ್ರಮಾದದ ಮೂಲವನ್ನು ಪಾಠಪರಿಷ್ಕರಣದ ರೀತಿಯಿಂದಲೇ ಊಹಿಸಬಹುದು. ಯೂನಿಕೋಡಿನಲ್ಲಿ ಭಾರತದ ಮುಖ್ಯ ಲಿಪಿಗಳಿಗೆ ತಲಾ 128 ಸ್ಥಾನಗಳುಳ್ಳ ಕೋಷ್ಠಕಗಳಿದ್ದು, ಸಮಾನ ಅಕ್ಷರಗಳು ಸಮಾನ ಸ್ಥಾನದಲ್ಲಿ ಬರುವಂತೆ ಜೋಡಿಸಿದೆ. ಕನ್ನಡದ ಕೋಷ್ಠಕವು 3200ರಿಂದ ಆರಂಭವಾಗುತ್ತದೆ, ೞಕಾರವಿರುವುದು 3294ರಲ್ಲಿ. ದೇವನಾಗರಿಯ ಕೋಷ್ಠಕವು 2304ರಿಂದ ಆರಂಭವಾಗುತ್ತದೆ; ಅಲ್ಲಿ ಇದಕ್ಕೆ ಸರಿಯಾದ 2398ರಲ್ಲಿರುವುದು ಚುಕ್ಕೆಯುಳ್ಳ ಫಕಾರ. ನೆರೆಯ ಪಂಕ್ತಿಯ ಹೆಸರು ಈ ಪಂಕ್ತಿಗೆ ಇಳಿದುಬಂದಿದೆಯೆಂದು ತೋರುತ್ತದೆ. ಓಲೆಯ ಪ್ರತಿಗಳಲ್ಲಿ ಕಣ್ಣು ಒಂದು ಸಾಲಿನಿಂದ ಅದರಂತೆಯೇ ಇರುವ ಇನ್ನೊಂದಕ್ಕೆ ಜಾರಿದಾಗ ಆಗುವ ತಪ್ಪು ಇದೇ ಜಾತಿಯದು.

ಇದೊಂದು ವಿನೋದದ ವಿಷಯವೆಂದು ಬಿಟ್ಟುಬಿಡಬಹುದಾಗಿದ್ದಿತು, ೞಕಾರಕ್ಕೆ ಶಾಸನಗಳಲ್ಲಿ ಅಷ್ಟೊಂದು ಮಹತ್ವವಿಲ್ಲದಿದ್ದರೆ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳು 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದುವಷ್ಟೆ. ಇವುಗಳ ಶಾಸನಗಳನ್ನು ಬಿ. ಎಲ್. ರೈಸರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 9ನೆಯ ಸಂಪುಟದಲ್ಲಿ ಪ್ರಕಟಿಸಿದರು. ನೆಲಮಂಗಲ ತಾಲ್ಲೂಕಿನ ಮಣ್ಣೆಯೇ ಗಂಗರ ಮಾನ್ಯಪುರ. ಅಲ್ಲಿ ದೊರೆತ 797 ಮತ್ತು 802ನೆಯ ಇಸವಿಗಳ ತಾಮ್ರಶಾಸನಗಳು ಸುಪ್ರಸಿದ್ಧವಾದುವು. ಈ ನಾಡಿನ ಕನ್ನಡ ಶಾಸನಗಳ ಕಾಲನಿರ್ಣಯಕ್ಕೆ ೞಕಾರವು ಒಂದು ಒರೆಗಲ್ಲು. ಹಳೆಯ ‘ಗೞ್ದೆ’ಯು ‘ಗರ್ದೆ’ಯಾಗಿ ಬಳಿಕ ‘ಗದ್ದೆ’ಯಾಯಿತು, ‘ಅೞಿ’ಯು ‘ಅಳಿ’ಯಾಯಿತು. 10ನೆಯ ಶತಮಾನದಿಂದ ಈ ಭೇದವು ಸಡಿಲವಾಗುತ್ತ ಹೋಗಿ, 13ನೆಯ ಶತಮಾನದ ಕೇಶಿರಾಜನ ವೇಳೆಗೆ ರಳವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕಲಿಸಬೇಕಾಯಿತು. ನಾಲಗೆಯಿಂದ ಅಕ್ಷರವು ಮರೆಯಾದ ಮೇಲೆ ಬರೆಯುವವರು ೞ ಇರಬೇಕಾದೆಡೆ ಳಕಾರವನ್ನೂ, ಳ ಇರಬೇಕಾದೆಡೆ ಪಾಂಡಿತ್ಯಕ್ಕಾಗಿ ೞಕಾರವನ್ನೂ ಹಾಕತೊಡಗಿದರು. ಅವರ ಈ ತಪ್ಪೇ ಇಂದು ಸಾಕ್ಷಿ. ಗಂಗರ ಹಲವು ತಾಮ್ರಶಾಸನಗಳನ್ನು ಫ್ಲೀಟರು ಕೂಟಶಾಸನಗಳೆಂದು ತಳ್ಳಿದುದಕ್ಕೆ ಮುಖ್ಯ ಆಧಾರಗಳಲ್ಲಿ ಲಿಪಿಯ ಅಸಾಂಗತ್ಯವೂ ಭಾಷೆಯ ಅಶುದ್ಧತೆಯೂ ಸೇರಿದ್ದುವು. ರೈಸರು ಅದನ್ನು ಒಪ್ಪದೆ ವಾದಿಸಿದರು. ಆ ವಾದವು ನಡೆಯಲು ಸಾಧ್ಯವಾದುದು ತಪ್ಪುಗಳನ್ನು ಯಾರೂ ತಿದ್ದಿ ಅಚ್ಚುಹಾಕದಿದ್ದುದರಿಂದ.

ಕಂಡರಣೆಗಾರರು ತಾಮ್ರದಲ್ಲಿ ತಪ್ಪನ್ನು ಬಡಿದು ಮಟ್ಟಮಾಡಿ ಮೇಲೆ ಬರೆಯುತ್ತಿದ್ದರು. ಅಳಿಸಿದ ಅಕ್ಷರದ ಗೆರೆಗಳು ಎಷ್ಟೋ ಕಡೆ ಇಣುಕುತ್ತವೆ. ಬಿಟ್ಟುಹೋದ ಅಕ್ಷರವನ್ನು ಕಾಕಪದವನ್ನಿಟ್ಟು ಸಾಲಿನ ಮೇಲೆಯೋ ಕೆಳಗೆಯೋ ಸೇರಿಸುವುದೂ ಉಂಟು. ಶಾಸನ ಸಂಪಾದಕರಿಗೆ ಈ ಸ್ವಾತಂತ್ರ್ಯವಿಲ್ಲ. ಕೆತ್ತಿದುದನ್ನು ಕೆತ್ತಿದಂತೆಯೇ ಮುದ್ರಿಸಿ, ಶುದ್ಧಪಾಠವನ್ನು ಅಡಿಟಿಪ್ಪಣಿಯಲ್ಲಿ ಸೂಚಿಸುವುದು ಅವರ ಧರ್ಮ. ಯೂನಿಕೋಡಿನವರೂ ಕೊನೆಗೆ ಇದೇ ದಾರಿಯನ್ನು ಹಿಡಿದಿರುವುದು ಆಶ್ಚರ್ಯಕರ. 1996ರ 2ನೆಯ ಆವೃತ್ತಿಯಿಂದ ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವನ್ನು ಮಾಡಿಕೊಂಡುದರಿಂದ ‘ಫ’ವೆಂಬ ಹೆಸರು ಹಾಗೆಯೇ ನಿಂತಿದೆ, 2006ರ 5ನೆಯ ಆವೃತ್ತಿಯಲ್ಲಿ ಅದರ ಪಕ್ಕದಲ್ಲಿ ಶುದ್ಧವಾದ ಪರ್ಯಾಯನಾಮವನ್ನು ಸೇರಿಸಿ, ಮೊದಲಿನದು ಪ್ರಮಾದವೆಂದು ಅಕ್ಷರಪಟ್ಟಿಯಲ್ಲಿ ಟಿಪ್ಪಣಿ ಬರೆದಿದ್ದಾರೆ.

ಶಾಸನಗಳನ್ನು ಗಣಕಕ್ಕೆ ಏರಿಸುವ ಕಾರ್ಯವು ಈಚೆಗೆ ಭರದಿಂದ ಸಾಗಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ನಗರದ ಮತ್ತು ಸುತ್ತಲಿನ ಶಿಲಾಶಾಸನಗಳ ಮೂರು ಆಯಾಮದ ಪ್ರತಿಬಿಂಬಗಳನ್ನು ಸಂಗ್ರಹಿಸುತ್ತಿದೆ. ಪಾಠವನ್ನು ಬೆರಳಚ್ಚು ಮಾಡುವವರು ಕೀಲಿಮಣೆಯಲ್ಲಿ ೞಕಾರವು ಕೈಗೆ ಸಿಕ್ಕದೆಂದು ಳಕಾರವನ್ನು ಒತ್ತಿದರೆ, ಸಾವಿರ ವರ್ಷದ ಹಿಂದಿನ ಲಿಪಿಕಾರನ ತಪ್ಪಾವುದು, ಇಂದಿನವನ ಸೋಮಾರಿತನವಾವುದು ಎಂಬುದು ಮುಂದಿನವರಿಗೆ ತಿಳಿಯದೆ ಹೋಗುವುದು. ‘ಗೞ್ದೆ’ಯನ್ನು ಹುಡುಕಿದವನಿಗೆ ‘ಗಳ್ದೆ’ಯು ದೊರೆಯುವುದಿಲ್ಲ. ಹೆಸರು ತಪ್ಪಾಗಿದ್ದರೂ 3294ನೆಯ ಸ್ಥಾನದ ಅಕ್ಷರವನ್ನೇ ಬಳಸತಕ್ಕುದು.

ಅದರ ನಿಜವಾದ ಸ್ಥಾನದ ವಿಷಯವೂ ಹೇಳಬೇಕಾದುದೇ. ತಮಿಳು, ಮಲಯಾಳಗಳ ಕೋಷ್ಠಕಗಳಲ್ಲಿ ಇದೇ ಅಕ್ಷರವು ಆಯಾ ಲಿಪಿಯ ಳಕಾರಕ್ಕೆ ಮುಂದಿನ ಮನೆಯಲ್ಲಿ, ಎಂದರೆ 2996 ಮತ್ತು 3380ರಲ್ಲಿ, ಕುಳಿತಿದೆ. ತೆಲುಗಿನಲ್ಲಿ ಹಳೆಯ ಶಾಸನಗಳಿಗಾಗಿ 2014ರಲ್ಲಿ ಅದನ್ನು 3124ಕ್ಕೆ ಸೇರಿಸಿದರು. ಅದೂ ಅದೇ ಮನೆ. ಕನ್ನಡದಲ್ಲಿ ಳಕಾರವು 3251ರಲ್ಲಿದೆ, ವಕಾರವು 3253ರಲ್ಲಿದೆ. ನಡುವಣ 3252 ಬರಿದಾಗಿದೆ.