ಶಿಶುವಿಹಾರಕ್ಕೆ ಎಷ್ಟು ದೂರ?

ಮಕ್ಕಳ ಶಿಕ್ಷಣದ ಚರಿತ್ರೆಯನ್ನು ಬರೆದವರು, ಮಗು ಶಾಲೆಯೊಳಗೆ ಬಂದು ಕುಳಿತಮೇಲೆ ಏನಾಯಿತೆಂಬುದನ್ನು ವಿಸ್ತಾರವಾಗಿ ಹೇಳುತ್ತಾರೆ. ಅದು ಯಾವ ಮಣಿಯನ್ನು ಎಣಿಸಿತು, ಯಾವ ಹಾಡಿಗೆ ಕುಣಿಯಿತು, ಯಾವ ಆಚಾರ್ಯರ ಪದ್ಧತಿ ಯಾರದಕ್ಕಿಂತ ಮೇಲು, ಇವೆಲ್ಲ ಅಲ್ಲಿ ದೊರೆಯುತ್ತವೆ. ಆದರೆ ಮೂರು ವರ್ಷದ ಆ ಕೂಸು ಮನೆಯಿಂದ ಅಲ್ಲಿಯವರೆಗೆ ಬಂದುದು ಹೇಗೆ? ಅದರ ಪುಟ್ಟ ಕಾಲು ಎಷ್ಟು ದೂರ ನಡೆದೀತು? ನಡೆಯಲಾರದೆ ಹಟ ಹಿಡಿದಾಗ ಯಾರ ಕಂಕುಳಿಗೆ ಏರಿತು? ಬಾಗಿಲಲ್ಲಿ ಮೋಟಾರು ನಿಂತಿರುವವರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಉಳಿದ ತಾಯಂದಿರಿಗೆ ದಿನದ ಮೊದಲನೆಯ ಪ್ರಶ್ನೆಯೇ ಇದು.

ಹಿಂದಿನವರಲ್ಲಿ ಕೆಲವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. 1844ರಲ್ಲಿ ಫರ್ಮಿನ್ ಮಾರ್ಬೋ ಎಂಬಾತ ಪ್ಯಾರಿಸಿನ ಶಾಯೋ ಎಂಬಲ್ಲಿ ಕೂಲಿ ಹೆಂಗಸರ ಕೂಸುಗಳಿಗಾಗಿ ಒಂದು ಆಶ್ರಯವನ್ನು ತೆರೆದನು. ‘ಕ್ರೆಶ್’ ಎಂಬ ಹೆಸರು ಲೋಕದಲ್ಲೆಲ್ಲ ಹರಡಿದ್ದು ಅಲ್ಲಿಂದ. ಮೊಲೆಯುಣ್ಣುವ ಮಗುವಿನ ತಾಯಿ ಕೆಲಸದ ನಡುವೆ ಬಂದು ಹಾಲೂಡಿಸಿ ಹೋಗಬೇಕಾದ್ದರಿಂದ ದೂರವೆಂಬುದು ಅಲ್ಲಿ ಹಸಿವಿನ ಲೆಕ್ಕವೇ ಆಗಿತ್ತು. 1907ರಲ್ಲಿ ರೋಮಿನ ಸಾನ್ ಲೊರೆಂಜೊ ಬಡಾವಣೆಯಲ್ಲಿ ಮಾರಿಯಾ ಮಾಂಟೆಸೊರಿ ತೆರೆದ ಮೊದಲ ‘ಮಕ್ಕಳ ಮನೆ’ಯಂತೂ ಕಾರ್ಮಿಕರು ವಾಸವಾಗಿದ್ದ ವಠಾರದ ಕಟ್ಟಡದಲ್ಲಿಯೇ ಇತ್ತು. ಮಗು ಮೆಟ್ಟಿಲಿಳಿದರೆ ಶಾಲೆ! ಮಾಂಟೆಸೊರಿ ಪದ್ಧತಿಯೆಂದರೆ ದುಬಾರಿ ಆಟಿಕೆ, ಇಸ್ತ್ರಿ ಮಾಡಿದ ಉಡುಪು, ಬಾಗಿಲಿಗೆ ಬರುವ ವ್ಯಾನು ಎಂದು ಭಾವಿಸಿರುವ ನಮ್ಮ ಪೇಟೆಯ ಜನಕ್ಕೆ ಈ ಸಂಗತಿ ಅಷ್ಟಾಗಿ ತಿಳಿದಂತಿಲ್ಲ.

ಭಾರತದಲ್ಲಿ ಈ ಪ್ರಶ್ನೆಗೆ ನೇರವಾಗಿ ಮುಖಾಮುಖಿ ನಿಂತವರು ತಾರಾಬಾಯಿ ಮೋಡಕರು. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಆರಂಭಿಸಿದ ಬಾಲಮಂದಿರದಲ್ಲಿ ಅವರೊಡನೆ ದುಡಿದು ಪಳಗಿದವರು ಇವರು. ಆದರೆ ಪಟ್ಟಣದ ಉಳ್ಳವರ ಮಕ್ಕಳ ಶಾಲೆಯಿಂದ ಅವರ ಮನಸ್ಸಿಗೆ ತೃಪ್ತಿಯಾಗಲಿಲ್ಲ. 1945ರಲ್ಲಿ, ಅಂದಿನ ಠಾಣೆ ಜಿಲ್ಲೆಯ ಬೋರ್ಡಿ ಎಂಬ ಕಡಲತಡಿಯ ಹಳ್ಳಿಗೆ ಹೋಗಿ ಗ್ರಾಮ ಬಾಲಶಿಕ್ಷಣದ ಕೆಲಸಕ್ಕೆ ತೊಡಗಿದರು. ಅನುತಾಯಿ ವಾಘ್ ಎಂಬ ತರುಣ ಶಿಕ್ಷಕಿ ಅವರಿಗೆ ಜೊತೆಯಾದರು.

ಬಾಲವಾಡಿಯೇನೋ ತೆರೆಯಿತು. ಆದರೆ ಯಾರಿಗಾಗಿ ತೆರೆದರೋ ಆ ಮಕ್ಕಳು ಬರಲಿಲ್ಲ. ಹರಿಜನ ಕೇರಿಯಿಂದ ಬಾಲವಾಡಿಯ ಕಟ್ಟಡಕ್ಕೆ ಇದ್ದ ದೂರವನ್ನು ಹೆಜ್ಜೆಗಳಿಂದ ಮಾತ್ರ ಎಣಿಸಿದರೆ ಸಾಲದಷ್ಟೆ. ನಮ್ಮ ಊರುಗಳಲ್ಲಿ ಹತ್ತು ಮಾರಿನ ಓಣಿಯೂ ಎಷ್ಟೋ ಸಾರಿ ಹತ್ತು ಹರಿದಾರಿಯಾಗುತ್ತದೆ. ಹೊಟ್ಟೆಗಾಗಿ ಬೆಳಗಾಗುವುದಕ್ಕೆ ಮೊದಲೇ ಮನೆಬಿಟ್ಟ ತಾಯಿ ಮಗುವನ್ನು ಮೀಯಿಸಿ, ತಲೆ ಬಾಚಿ, ಕೈಹಿಡಿದು ಕರೆತರುವುದಾದರೂ ಹೇಗೆ? ‘ಈ ಜನಕ್ಕೆ ವಿದ್ಯೆಯ ಬೆಲೆ ತಿಳಿಯದು’ ಎಂದು ಹೇಳಿ ಕೈತೊಳೆದುಕೊಳ್ಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ತಾರಾಬಾಯಿಯವರು ಹಾಗೆ ಹೇಳದೆ ಸಾಮಾನುಗಳನ್ನು ಎತ್ತಿಕೊಂಡು ಕೇರಿಗೇ ನಡೆದರು. ಯಾರದೋ ಮನೆಯ ಅಂಗಳವೇ ಪಾಠಶಾಲೆಯಾಯಿತು. ‘ಅಂಗನವಾಡಿ’ ಎಂದು ನಾವು ಇಂದು ದಿನಕ್ಕೆ ಹತ್ತು ಬಾರಿ ಆಡುವ ಮಾತಿನಲ್ಲಿರುವ ಅಂಗಳ ಇದೇ. ಕಟ್ಟಡದ ಮೇಲೆ ಬೋರ್ಡಾಗಿ ಕುಳಿತಮೇಲೆ ಆ ಶಬ್ದಕ್ಕೆ ತನ್ನ ಅರ್ಥವೇ ಮರೆತುಹೋದಂತಿದೆ.

1957ರಲ್ಲಿ ಈ ಕಾರ್ಯ ಕೋಸಬಾಡದ ಗುಡ್ಡಕ್ಕೆ, ವಾರ್ಲಿ ಜನರ ನಡುವೆ ಹೋಯಿತು. ಅಲ್ಲಿ ತೊಡಕು ಮತ್ತೊಂದು ಬಗೆಯದು. ಬಡವರ ಮನೆಯಲ್ಲಿ ಕೂಸಿನ ವಾಹನವೆಂದರೆ ಅದರ ಅಕ್ಕ. ಏಳೆಂಟು ವರ್ಷದ ಹುಡುಗಿ, ಅವಳ ಸೊಂಟದ ಮೇಲೆ ಒಂದು ಕೂಸು, ಸೆರಗಿಗೆ ಜೋತುಬಿದ್ದ ಇನ್ನೊಂದು. ಅವಳು ಪ್ರಾಥಮಿಕ ಶಾಲೆಗೆ ಹೋದರೆ ಕೂಸುಗಳಿಗೆ ದಿಕ್ಕಿಲ್ಲ. ಕೂಸುಗಳೊಡನೆ ನಿಂತರೆ ಅವಳಿಗೆ ವಿದ್ಯೆಯಿಲ್ಲ. ಇದಕ್ಕೆ ಅವರು ಕಂಡುಕೊಂಡ ಉಪಾಯ ‘ವಿಕಾಸವಾಡಿ’: ತೊಟ್ಟಿಲ ಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರೂ ಒಂದೇ ಕಡೆ. ಅಕ್ಕ ಬರುವಾಗ ತಮ್ಮ ತಂಗಿಯರನ್ನು ಹೊತ್ತು ತರುತ್ತಾಳೆ, ಅವರವರ ಜಾಗದಲ್ಲಿ ಇಳಿಸುತ್ತಾಳೆ, ತನ್ನ ಹಲಗೆ ಹಿಡಿದು ಕೂರುತ್ತಾಳೆ. ದನ ಕಾಯುವ ಮಕ್ಕಳಿಗಾಗಿ ಶಿಕ್ಷಕರು ಹುಲ್ಲುಗಾವಲಿಗೇ ಹೋದರು. ಅದಕ್ಕೆ ‘ಕುರಣಶಾಲೆ’ ಎಂದು ಹೆಸರು. ದೊಡ್ಡ ದೊಡ್ಡ ವರದಿಗಳಲ್ಲಿ ನಾನು ಓದಿದ ಎಷ್ಟೋ ಯೋಜನೆಗಳಿಗಿಂತ ಈ ಸರಳ ಏರ್ಪಾಡಿನಲ್ಲಿ ಹೆಚ್ಚು ಬುದ್ಧಿಯಿದೆಯೆಂದು ನನ್ನ ಎಣಿಕೆ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅಂಗನವಾಡಿಯ ಹೆಸರನ್ನು ತೆಗೆದುಕೊಂಡಿತು. ನಮ್ಮಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಕೇಂದ್ರಗಳನ್ನು ತೆರೆಯಲು ಮುಖ್ಯವಾಗಿ ಇಟ್ಟುಕೊಂಡ ಮಾನದಂಡ ಜನಸಂಖ್ಯೆ. ತಲೆ ಎಣಿಸುವುದು ಸುಲಭ. ಆದರೆ ಮಲೆನಾಡಿನ ಒಂಟಿಮನೆಗಳ ನಡುವೆ ಎಣಿಸಬೇಕಾದದ್ದು ತಲೆಯನ್ನಲ್ಲ, ತೋಟದ ಇಳಿಜಾರನ್ನು, ಆಷಾಢದಲ್ಲಿ ತುಂಬಿ ಹರಿಯುವ ಹಳ್ಳವನ್ನು, ಅದರ ಮೇಲೆ ಹಾಸಿದ ಅಡಕೆಮರದ ಕಾಲುಸಂಕವನ್ನು. ಈ ಕೊರತೆಯನ್ನು ತುಂಬಿದವಳು ಸಹಾಯಕಿ. ಅಡಿಗೆ, ನೀರು, ಕಸಗಳ ಜೊತೆಗೆ, ಮನೆಮನೆಗೆ ಹೋಗಿ ಮಕ್ಕಳನ್ನು ಕೂಡಿಸಿ ತರುವುದೂ ಅವಳ ಕರ್ತವ್ಯಗಳಲ್ಲಿ ಸೇರಿದೆ. ಕಂಕುಳಲ್ಲಿ ಒಂದು, ಎರಡು ಕೈಗೆ ಎರಡು, ಮುಂದೆ ಓಡುವವು ನಾಲ್ಕು. ದೇಶದ ಅತಿ ದೊಡ್ಡ ಶಿಶು ಸಾರಿಗೆ ವ್ಯವಸ್ಥೆ ಎಂದರೆ ಇದೇ ಇರಬೇಕು. ಇದಕ್ಕೆ ಕೊಡುವುದು ಸಂಬಳವಲ್ಲ, ‘ಗೌರವಧನ’. ಶಬ್ದದಲ್ಲಿ ಗೌರವಕ್ಕೇನೂ ಕಡಿಮೆಯಿಲ್ಲ.

ಗಿರಣಿಯ ಹೆಂಗಸರ ಕಥೆ ಬೇರೆ. 1948ರ ಕಾರ್ಖಾನೆ ಕಾಯಿದೆ, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಗೃಹ ಇರಬೇಕೆಂದು ವಿಧಿಸಿತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. ಕೋಣೆ ತಾಯಂದಿರಿಗೆ ಸುಲಭವಾಗಿ ತಲುಪುವಂತಿರಬೇಕು, ಹೊಗೆ ದೂಳುಗಳಿಂದ ದೂರವಿರಬೇಕು ಎಂದು ನಿಯಮಗಳೂ ಆದವು. ಗೇಟಿನ ಒಳಗಿನ ದೂರವನ್ನು ಹೀಗೆ ಎಚ್ಚರದಿಂದ ಅಳೆದವರು ಗೇಟಿನ ಹೊರಗಿನದನ್ನು ಅಳೆಯಲಿಲ್ಲ. ಬೆಂಗಳೂರಿನ ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಗೆ ಬೆಳಿಗ್ಗೆ ಹೊರಡುವ ಬಸ್ಸಿನಲ್ಲಿ ನಿಲ್ಲಲು ಒಂದು ಪಾದದಷ್ಟು ಸ್ಥಳ ಸಿಕ್ಕರೆ ಪುಣ್ಯ. ಆ ನೂಕಿನಲ್ಲಿ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಹತ್ತುವ ಧೈರ್ಯ ಯಾವ ತಾಯಿಗೆ ಬಂದೀತು? 2023ರ ಜೂನ್ 11ರಂದು ರಾಜ್ಯದಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಜಾರಿಗೆ ಬಂದಾಗ ಟಿಕೇಟಿನ ಚಿಂತೆ ತಪ್ಪಿತು, ನೂಕು ತಪ್ಪಲಿಲ್ಲ. ಅತ್ತೆಯ ಬಳಿಯೋ ನೆರೆಮನೆಯವಳ ಬಳಿಯೋ ಕೂಸನ್ನು ಬಿಟ್ಟು ಬರುವ ತಾಯಿಗೆ ಕಾರ್ಖಾನೆಯ ತೊಟ್ಟಿಲಿದ್ದೂ ಇಲ್ಲದಂತೆಯೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ, ಶಿಶುಗೃಹವು ‘ಗೊತ್ತುಪಡಿಸಿದ ದೂರದೊಳಗೆ’ ಇರಬೇಕೆಂಬ ಮಾತೂ, ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿ ಬರಬಹುದೆಂಬ ಮಾತೂ ಬಂದವು. ದೂರವೆಂಬ ಶಬ್ದವಾದರೂ ಕಾಯಿದೆಯೊಳಗೆ ಸೇರಿತಲ್ಲ, ಸಂತೋಷ.

ಕಟ್ಟಡದ ಕೂಲಿಯವರ ಕಡೆಗೆ ಮೊದಲು ನೋಡಿದವರು ಮೀರಾ ಮಹಾದೇವನ್. 1969ರಲ್ಲಿ ದೆಹಲಿಯಲ್ಲಿ, ಗಾಂಧೀಜಿಯವರ ಶತಮಾನೋತ್ಸವಕ್ಕಾಗಿ ನಡೆಯುತ್ತಿದ್ದ ಕಟ್ಟಡದ ಕೆಲಸದ ನಡುವೆ, ಮಣ್ಣಿನಲ್ಲಿ ಹೊರಳುತ್ತಿದ್ದ ಕೂಸುಗಳಿಗೆ ಒಂದು ಡೇರೆ ಹಾಕಿಸಿದರು. ಕೆಲಸ ಮುಗಿದು ಕೂಲಿಯವರು ಎದ್ದು ಹೋದರೆ ಶಿಶುಗೃಹವೂ ಎದ್ದು ಹೋಗಬೇಕು. ‘ಮೊಬೈಲ್ ಕ್ರೆಶಸ್’ ಎಂಬ ಹೆಸರು ಬಂದದ್ದು ಹಾಗೆ.

ಇದೇ ವಿವೇಕದ ಎಳೆ 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯಲ್ಲಿಯೂ ಇತ್ತು. ಕೆಲಸದ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕೆಂದು ಅದರಲ್ಲಿ ಬರೆದಿತ್ತು. ಅದೇ ಕಾಯಿದೆಯಲ್ಲಿ ಇನ್ನೊಂದು ನಿಯಮ: ಕೆಲಸ 5 ಕಿಲೋಮೀಟರಿಗಿಂತ ಆಚೆಗೆ ಇದ್ದರೆ ಕೂಲಿಯ ಮೇಲೆ ನೂರಕ್ಕೆ 10ರಷ್ಟು ಹೆಚ್ಚು. ಬರಿಗೈಯಲ್ಲಿ ನಡೆದು ಬಂದವಳಿಗೂ, ಅದೇ 5 ಕಿಲೋಮೀಟರನ್ನು ಕೂಸು ಹೊತ್ತು, ಬುತ್ತಿ ಹಿಡಿದು, ಗುದ್ದಲಿ ಹೆಗಲಿಗಿಟ್ಟು ಬಂದವಳಿಗೂ ಆ ಲೆಕ್ಕದಲ್ಲಿ ದರ ಒಂದೇ.